ಪರ್ಸಿಮನ್ ಹಣ್ಣು ಗಟ್ಟಿಯಾಗೇ ಉಳಿಯಬೇಕೆಂದರೆ: ನನ್ನ ಅನುಭವ

ಜಯನಗರದಲ್ಲಿ ನನ್ನದೊಂದು ಹಣ್ಣಿನ ಅಂಗಡಿ. ಅಕ್ಟೋಬರ್ ಬಂತೆಂದರೆ ಹಿಮಾಚಲದ ಕುಲ್ಲು ಕಡೆಯಿಂದ ಪರ್ಸಿಮನ್, ಅಂದರೆ ಟೊಮೆಟೊ ಥರ ಕಾಣುವ ಕಿತ್ತಳೆ ಬಣ್ಣದ ಹಣ್ಣು, ತರಿಸುತ್ತೇನೆ. ಫುಯು ತಳಿ, ಗಟ್ಟಿ ಇರುವಾಗಲೇ ಹೆಚ್ಚಿ ತಿನ್ನುವಂಥದ್ದು. ಸ್ವಲ್ಪ ಮೆತ್ತಗಾದರೂ ಗಿರಾಕಿ ಒತ್ತಿ ನೋಡಿ ಅಲ್ಲೇ ಇಟ್ಟು ಹೋಗುತ್ತಾರೆ.

ಈ ಹಣ್ಣಿಗೆ ಅರೆಬರೆ ತಂಪು ಆಗಿಬರುವುದಿಲ್ಲ. ಅದರಲ್ಲೂ 5ರಿಂದ 7 ಡಿಗ್ರಿ ಇದೆಯಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕೋಲ್ಡ್ ಸ್ಟೋರೇಜ್ ಒಳಗಿದ್ದಷ್ಟು ದಿನ ಏನೂ ಗೊತ್ತಾಗುವುದಿಲ್ಲ, ಬಣ್ಣ ಚೆನ್ನಾಗೇ ಇರುತ್ತದೆ, ಆದರೆ ಹೊರಗೆ ತೆಗೆದ ಸ್ವಲ್ಪ ದಿನಕ್ಕೇ ಹೆಬ್ಬೆರಳು ಒತ್ತಿದ ಕಡೆ ಗುಳಿ ಬೀಳುತ್ತದೆ, ಕೊಯ್ದು ನೋಡಿದರೆ ತಿರುಳು ಜೆಲ್ಲಿ ಹಾಗೆ ಅರೆಪಾರದರ್ಶಕವಾಗಿರುತ್ತದೆ. ಸುಮ್ನೆ ಹಣ್ಣಾಗಿದೆ ಅಂದುಕೊಳ್ಳಬೇಡಿ, ಅದು ಚಳಿಯ ಪೆಟ್ಟು. ಬೇಕಾಗಿರುವುದು 0 ಡಿಗ್ರಿ, ಒಂದು ಡಿಗ್ರಿ ಆಚೆ ಈಚೆ, ತೇವಾಂಶ ಶೇಕಡಾ 90ರ ಮೇಲೆ.

ಬಾಡಿಗೆ ಕೋಲ್ಡ್ ಸ್ಟೋರೇಜ್‌ನಲ್ಲಿ ಸಮಸ್ಯೆ ಇಲ್ಲೇ ಶುರು. ಎಲ್ಲಾ ಹಣ್ಣೂ ಒಟ್ಟಿಗೆ ಹಾಕುವ ರೂಮಿನಲ್ಲಿ ಅಷ್ಟು ತಂಪು ಇರುವುದಿಲ್ಲ. 0 ಡಿಗ್ರಿ ಸಿಗುವುದು ಸೇಬಿನ ರೂಮಿನಲ್ಲಿ, ಆದರೆ ಸೇಬು ಹಣ್ಣು ಮಾಗಿಸುವ ಎಥಿಲೀನ್ ಅನಿಲ ಬಿಡುತ್ತದೆ, ಪರ್ಸಿಮನ್‌ಗೆ ಅದು ಚೂರು ತಾಗಿದರೂ ಮೆತ್ತಗಾಗುತ್ತದೆ. ಅದಕ್ಕೇ ಬಾಡಿಗೆ ಜಾಸ್ತಿಯಾದರೂ ಪರವಾಗಿಲ್ಲ, ಸೇಬಿಲ್ಲದ ರೂಮೇ ಬೇಕು ಅಂತ ಹಟ ಹಿಡಿಯುತ್ತೇನೆ. ನನ್ನದೇ ಥರ್ಮಾಮೀಟರ್ ಒಂದನ್ನು ಬಾಕ್ಸಿನ ಒಳಗೇ ಇಡುತ್ತೇನೆ, ಗೋಡೆಯ ಮೀಟರ್ ನಂಬಿ ಕೂರುವುದಿಲ್ಲ.

ಇಡುವ ಮೊದಲು ತೊಟ್ಟಿನ ಎಲೆ ಕಿತ್ತುಹೋಗಿರುವುದು, ಪೆಟ್ಟು ಬಿದ್ದಿರುವುದು ಎಲ್ಲಾ ಬೇರೆ ಮಾಡಿ ಆಗಲೇ ಮಾರಿಬಿಡುತ್ತೇನೆ. ಉಳಿದದ್ದನ್ನು ದಪ್ಪ ಪಾಲಿಥೀನ್ ಚೀಲಕ್ಕೆ ಹಾಕಿ ಸೀಲ್ ಮಾಡುತ್ತೇನೆ. ಕೊರಿಯಾದಲ್ಲಿ ಫುಯು ಹಣ್ಣನ್ನು 60 ಮೈಕ್ರಾನ್ ದಪ್ಪದ ಚೀಲದಲ್ಲಿ ಐದೈದರಂತೆ ಕಟ್ಟಿಡುತ್ತಾರೆ. ಹಣ್ಣು ಉಸಿರಾಡಿದಂತೆ ಚೀಲದೊಳಗೆ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರುತ್ತದೆ, ಮಾಗುವುದು ನಿಧಾನವಾಗುತ್ತದೆ. ಜೊತೆಗೆ ಎಥಿಲೀನ್ ಹೀರುವ ಪೊಟ್ಯಾಸಿಯಂ ಪರ್ಮಾಂಗನೇಟ್ ಪೊಟ್ಟಣ ಇಡಬಹುದು. ದೊಡ್ಡ ಲಾಟ್ ಇರುವವರು ಸ್ಟೋರೇಜ್‌ಗೆ ಹಾಕುವ ಮುಂಚೆ 1-ಎಂಸಿಪಿ ಅನ್ನುವ ಅನಿಲದ ಉಪಚಾರ ಕೊಡಿಸಿ, ಅದು ಎಥಿಲೀನ್ ಕೆಲಸ ಮಾಡದ ಹಾಗೆ ತಡೆಯುತ್ತದೆ, ಚಳಿಯ ಪೆಟ್ಟೂ ಕಮ್ಮಿಯಾಗುತ್ತದೆ.

ಹೊರಗೆ ತೆಗೆಯುವಾಗ ಅವಸರ ಬೇಡ. ಬಾಕ್ಸ್ ಮುಚ್ಚೇ ಇರಲಿ, ಒಳಗಿನ ಚಳಿ ಬಿಡಲಿ, ಇಲ್ಲದಿದ್ದರೆ ಹಣ್ಣು ಬೆವರಿ ಆ ನೀರಿಗೇ ಬೂಸ್ಟು ಹಿಡಿಯುತ್ತದೆ. ಎರಡು ಮೂರು ದಿನಕ್ಕೆ ಖರ್ಚಾಗುವಷ್ಟೇ ತೆಗೆಯಿರಿ. ಅಂಗಡಿಯಲ್ಲಿ ಒಂದೇ ಸಾಲಾಗಿ, ಒಂದರ ಮೇಲೊಂದು ಪೇರಿಸದೆ ಜೋಡಿಸುತ್ತೇನೆ, ಬಾಳೆಯೂ ಎಥಿಲೀನ್ ಬಿಡುವುದರಿಂದ ಬಾಳೆಗೊನೆಯಿಂದ ಆದಷ್ಟು ದೂರ.

ಗಿರಾಕಿಗೂ ಇದೇ ಹೇಳಿ ಕಳಿಸುತ್ತೇನೆ. ನಾಳೆ ನಾಡಿದ್ದು ತಿನ್ನುವುದಾದರೆ ಫ್ರಿಜ್‌ನ ಅರೆಬರೆ ತಂಪಿನಲ್ಲಿ ಇಡಬೇಡಿ ಅಮ್ಮ, ಬಾಳೆಹಣ್ಣಿನ ಬುಟ್ಟಿಗೂ ಹಾಕಬೇಡಿ, ಬೇರೆ ತಟ್ಟೆಯಲ್ಲಿ ಹೊರಗೇ ಇಡಿ.