ಅವರೆಗೆ ಹೇನು ಬಿದ್ದಿದೆಯಾ? ಔಷಧಿಗೆ ಮೊದಲು ಎಲೆ ತಿರುಗಿಸಿ ನೋಡಿ

ಅವರೆ, ಅಲಸಂದೆ ಕುಡಿಯಲ್ಲಿ ಕಪ್ಪು ಹೇನು ಮುತ್ತಿದ ತಕ್ಷಣ ಔಷಧಿ ಹೊಡೆಯಬೇಡಿ. ಮೊದಲು ಎಲೆಯ ಅಡಿಭಾಗ ನೋಡಿ. ಹಳದಿ ಬಣ್ಣದ ಉದ್ದನೆಯ ಮೊಟ್ಟೆಗಳು ಗುಂಪಾಗಿ ನೆಟ್ಟಗೆ ನಿಂತಿದ್ದರೆ ಅವು ಗುಲಗಂಜಿ ಹುಳದವು (ಲೇಡಿಬರ್ಡ್). ಮರಿ ಮಾತ್ರ ತಾಯಿಯ ಹಾಗೆ ಇರಲ್ಲ. ಕಪ್ಪು ಮೈ, ಆರು ಕಾಲು, ಅಲ್ಲಲ್ಲಿ ಕಿತ್ತಳೆ ಮಚ್ಚೆ, ಥೇಟ್ ಪುಟ್ಟ ಮೊಸಳೆ. ಎಷ್ಟೋ ಜನ ಇದನ್ನೇ ಪೀಡೆ ಅಂದುಕೊಂಡು ಹೊಸಕಿ ಹಾಕುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಹೇನು ತಿಂದೇ ಬೆಳೆಯುವ ಜೀವ ಅದು.

ಬಿಸಿಲಿನ ಶಕ್ತಿ ಎಲೆಗೆ, ಎಲೆಯ ರಸದಿಂದ ಹೇನಿಗೆ, ಹೇನಿನಿಂದ ಗುಲಗಂಜಿ ಹುಳಕ್ಕೆ ಹೋಗುತ್ತದೆ. ಎಲೆಯಿಂದ ಆಚೆ ಪ್ರತಿ ಹಂತದಲ್ಲೂ ಮುಂದೆ ದಾಟುವುದು ಸುಮಾರು 10ರಲ್ಲಿ 1 ಪಾಲು ಅಷ್ಟೇ. ಉಳಿದದ್ದರಲ್ಲಿ ಬಹಳಷ್ಟು ಉಸಿರಾಟ, ಓಡಾಟಕ್ಕೆ ಖರ್ಚು. ಅದಕ್ಕೇ ತಿನ್ನುವ ಹುಳ ಯಾವತ್ತೂ ಕಡಿಮೆ. ಔಷಧಿಗೆ ಎರಡೂ ಸಾಯುತ್ತವೆ. ಆದರೆ ಹೇನು ಗಂಡಿಲ್ಲದೆಯೂ ಮರಿ ಹಾಕುತ್ತದೆ, ಬೇಗ ಮತ್ತೆ ತುಂಬಿಕೊಳ್ಳುತ್ತದೆ.

ಇರುವೆ ಕಡೆಗೂ ಕಣ್ಣಿಡಿ. ಹೇನು ಬಿಡುವ ಸಿಹಿ ಅಂಟಿನ ಆಸೆಗೆ ಇರುವೆಗಳು ಕಾವಲು ನಿಂತು ಗುಲಗಂಜಿ ಹುಳವನ್ನು ಓಡಿಸುತ್ತವೆ. ಚಪ್ಪರದ ಕಂಬಕ್ಕೆ ಗ್ರೀಸ್ ಹಚ್ಚಿದ ಪಟ್ಟಿ ಸುತ್ತಿ. ಹೇನು ತೀರಾ ಜಾಸ್ತಿಯಾದರೆ ಬೆಳಿಗ್ಗೆ ಪೈಪ್ ಹಿಡಿದು ಜೋರಾಗಿ ನೀರು ಹೊಡೆದು ಉದುರಿಸಿ, ಮೊಟ್ಟೆ ಇರುವ ಎಲೆ ಬಿಟ್ಟು. ಬದುವಿನಲ್ಲಿ ಸ್ವಲ್ಪ ಕೊತ್ತಂಬರಿ, ಸಬ್ಬಸಿಗೆ ಹೂ ಬಿಡಲಿ. ದೊಡ್ಡ ಗುಲಗಂಜಿ ಹುಳಗಳು ಆ ಪರಾಗವನ್ನೂ ತಿನ್ನುತ್ತವೆ.