ತುರ್ತು ಹೊತ್ತಿಗೆ ಬಾಗಿಲಲ್ಲೊಂದು ಹಾಳೆ

ಹಿರಿಯರ ವಸತಿ ಸಮುಚ್ಚಯದಲ್ಲಿ ನೆಲೆಸಿರುವ ಪ್ರತಿಯೊಬ್ಬರೂ ತಾವು ಸೇವಿಸುವ ಔಷಧಿಗಳ ಹೆಸರು ಮತ್ತು ಪ್ರಮಾಣ, ಅಲರ್ಜಿ, ಹಿಂದೆ ಆದ ಶಸ್ತ್ರಚಿಕಿತ್ಸೆಗಳು ಹಾಗೂ ತಮ್ಮ ಪರವಾಗಿ ನಿರ್ಧಾರ ತೆಗೆದುಕೊಳ್ಳುವವರ ದೂರವಾಣಿ ಸಂಖ್ಯೆಯನ್ನು ಒಂದೇ ಹಾಳೆಯಲ್ಲಿ ಬರೆದು, ಬಾಗಿಲಿನ ಒಳಬದಿಗೆ ಅಂಟಿಸಿಡಬೇಕೆಂದು ಕಳಕಳಿಯಿಂದ ಕೋರುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರಗಳಲ್ಲಿ ಬರೆಯಿರಿ. ಬಿದ್ದು ತಲೆಗೆ ಪೆಟ್ಟಾದಾಗ ವೈದ್ಯರಿಗೆ ಮೊದಲು ತಿಳಿಯಬೇಕಾದ ಸಂಗತಿಗಳಲ್ಲಿ ಇದೂ ಒಂದು.

ನೆರೆಯವರ ಮುಖ ಒಂದು ಬದಿಗೆ ಸೊಟ್ಟಗಾದರೆ, ಕೈ ಸೋತರೆ ಅಥವಾ ಮಾತು ತೊದಲಿದರೆ, ಸ್ವಲ್ಪ ಹೊತ್ತು ಮಲಗಿದರೆ ಸರಿಹೋದೀತೆಂದು ಕಾಯದೆ ಕೂಡಲೇ ಆಂಬುಲೆನ್ಸ್ ಕರೆಸಿ, ಅವರು ಕೊನೆಯದಾಗಿ ಚೆನ್ನಾಗಿದ್ದ ಸಮಯವನ್ನು ಬರೆದಿಟ್ಟುಕೊಳ್ಳಿ. ಏಕೆಂದರೆ ಇವು ಪಾರ್ಶ್ವವಾಯುವಿನ (ಸ್ಟ್ರೋಕ್) ಲಕ್ಷಣಗಳಾಗಿರಬಹುದು; ಆಗ ಮಿದುಳಿನ ರಕ್ತನಾಳದಲ್ಲಿನ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ 4.5 ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಔಷಧಿ ಬದಲಾದ ದಿನವೇ ದಯವಿಟ್ಟು ಹಾಳೆಯನ್ನೂ ಬದಲಿಸಿ.