ಬಿಸ್ಮಾರ್ಕನ್ನು ಬೆನ್ನಟ್ಟಿದ ದಾರಿಯನ್ನು ನಾನೇ ಚಾರ್ಟ್ ಮೇಲೆ ಎಳೆದು ನೋಡಿದೆ

ನಾನು ಕುಂದಾಪುರದ ಕಡೆಯವನು. ಇಪ್ಪತ್ತಾರು ವರ್ಷ ಸರಕು ಹಡಗುಗಳಲ್ಲಿ ದುಡಿದೆ. ಜಾಸ್ತಿ ಕಾಲ ಕಳೆದದ್ದು ಬ್ರಿಡ್ಜ್‌ನಲ್ಲಿ, ಚಾರ್ಟ್ ಅಂದರೆ ಸಮುದ್ರ ನಕ್ಷೆಯ ಮುಂದೆ. ಎರಡನೇ ಮಹಾಯುದ್ಧದ ಜರ್ಮನ್ ಯುದ್ಧನೌಕೆ ಬಿಸ್ಮಾರ್ಕ್‌ನ ಕತೆ ಓದಿದಾಗಲೆಲ್ಲ ನನ್ನ ಮನಸ್ಸು ಒಂದೇ ಕಡೆ ಸಿಕ್ಕಿಕೊಳ್ಳುತ್ತಿತ್ತು. 1941ರ ಮೇ 25ರಂದು ಬ್ರಿಟಿಷ್ ನೌಕಾಪಡೆಯ ಮುಖ್ಯ ಹಡಗು ಬಿಸ್ಮಾರ್ಕ್ ಇದ್ದ ದಿಕ್ಕು ಬಿಟ್ಟು ಈಶಾನ್ಯಕ್ಕೆ ತಿರುಗಿಬಿಟ್ಟಿತಲ್ಲ, ಅದು ಹೇಗಾಯಿತು? ಓದಿದರೆ ಮಾತ್ರ ಸಾಲದು ಅನ್ನಿಸಿತು. ಕಳೆದ ಮಳೆಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಹಳೇ ಚಾರ್ಟ್ ಒಂದನ್ನು ಊಟದ ಮೇಜಿನ ಮೇಲೆ ಹಾಸಿ, ಪ್ಯಾರಲಲ್ ರೂಲರ್, ಡಿವೈಡರ್, 2ಬಿ ಪೆನ್ಸಿಲ್ ಹಿಡಿದು ಕೂತೆ.

ಮೇ 24ರ ಬೆಳಿಗ್ಗೆ ಡೆನ್ಮಾರ್ಕ್ ಜಲಸಂಧಿಯಲ್ಲಿ ಬಿಸ್ಮಾರ್ಕ್ ಜೊತೆಗಿನ ಕಾಳಗದಲ್ಲಿ ಬ್ರಿಟನ್ನಿನ ‘ಹುಡ್’ ಸಿಡಿದು ಮುಳುಗಿತ್ತು. ಅದರಲ್ಲಿದ್ದ 1,418 ಜನರಲ್ಲಿ ಉಳಿದವರು ಮೂವರೇ. ಬಿಸ್ಮಾರ್ಕ್‌ಗೂ ಏಟು ಬಿದ್ದು ಇಂಧನ ಸೋರುತ್ತಿತ್ತು. ಅದು ಫ್ರಾನ್ಸ್ ಕಡೆ ಹೊರಟಿತು. ರೇಡಾರ್ ಹಿಡಿದು ಬ್ರಿಟಿಷ್ ಹಡಗು ‘ಸಫೋಕ್’ ಅದರ ಹಿಂದೆ ಬಿದ್ದಿತ್ತು. ಮೇ 25ರ ನಸುಕಿನ 3 ಗಂಟೆ ಹೊತ್ತಿಗೆ ಬಿಸ್ಮಾರ್ಕ್ ಸುತ್ತು ಹಾಕಿ ತಪ್ಪಿಸಿಕೊಂಡಿತು. ಆದರೆ ತಪ್ಪಿಸಿಕೊಂಡಿದ್ದೇವೆ ಅನ್ನೋದು ಬಿಸ್ಮಾರ್ಕ್‌ನಲ್ಲಿದ್ದ ಅಡ್ಮಿರಲ್ ಲುಟ್ಯೆನ್ಸ್‌ಗೇ ಗೊತ್ತಾಗಲಿಲ್ಲ. ರೇಡಾರ್ ಅಲೆ ಅವರ ಹಡಗಿಗೆ ಇನ್ನೂ ಬಂದು ತಟ್ಟುತ್ತಿತ್ತು. ಅದು ವಾಪಸ್ ಹೋಗಿ ಸಫೋಕ್ ಮುಟ್ಟುವಷ್ಟು ಬಲವಾಗಿರಲಿಲ್ಲ, ಅಷ್ಟೇ. ಹೇಗೂ ಕಣ್ಣಿಗೆ ಬಿದ್ದಿದ್ದೇವೆ ಅಂದುಕೊಂಡು ಅವರು ಉದ್ದನೆಯ ರೇಡಿಯೋ ಸಂದೇಶ ಕಳಿಸಿದರು. ಬ್ರಿಟನ್ನಿನ ಕೇಂದ್ರಗಳು ಅದರ ಬೇರಿಂಗ್, ಅಂದರೆ ಅದು ಬಂದ ದಿಕ್ಕನ್ನು ಉತ್ತರದಿಂದ ಎಷ್ಟು ಡಿಗ್ರಿ ಅಂತ ಹಿಡಿದವು. ಆ ಬೇರಿಂಗ್‌ಗಳನ್ನೇ ಆ ಮುಖ್ಯ ಹಡಗು ‘ಕಿಂಗ್ ಜಾರ್ಜ್ ಫಿಫ್ತ್’ನಲ್ಲಿದ್ದ ಬ್ರಿಟಿಷ್ ಅಡ್ಮಿರಲ್ ಟೋವಿಗೆ ಕಳಿಸಿದರು.

ತಪ್ಪಾಗಿದ್ದು ಇಲ್ಲಿ. ರೇಡಿಯೋ ಅಲೆ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಹಿಡಿಯುತ್ತದೆ. ನಾವು ಅದಕ್ಕೆ ಗ್ರೇಟ್ ಸರ್ಕಲ್ ಅನ್ನುತ್ತೇವೆ. ನೋಮೋನಿಕ್ ಅನ್ನುವ ಬೇರೆ ಬಗೆಯ ಚಾರ್ಟ್‌ನಲ್ಲಿ ಅದು ನೇರ ಗೆರೆ. ದಿನಬಳಕೆಯ ಮರ್ಕೇಟರ್ ಚಾರ್ಟ್‌ನಲ್ಲಿ ಅದೇ ಗೆರೆ ಉತ್ತರಕ್ಕೆ ಬಾಗಬೇಕು. ಟೋವಿ ಹಡಗಿನಲ್ಲಿ ಮರ್ಕೇಟರ್ ಮೇಲೆ ನೇರವಾಗಿ ಎಳೆದುಬಿಟ್ಟರು.

ಎಷ್ಟು ವ್ಯತ್ಯಾಸ ಬರಬಹುದು? ಕೇಂಬ್ರಿಡ್ಜ್ ಹತ್ತಿರ, 52 ಡಿಗ್ರಿ ಉತ್ತರ, 0 ರೇಖಾಂಶದಲ್ಲಿ ಒಂದು ಕೇಂದ್ರ ಇದೆ ಅಂತ ಇಟ್ಟುಕೊಂಡೆ. ಹಡಗನ್ನು 55 ಡಿಗ್ರಿ ಉತ್ತರ, 33 ಡಿಗ್ರಿ ಪಶ್ಚಿಮದಲ್ಲಿ ಇಟ್ಟೆ. ಚಾರ್ಟ್ ಮೇಲೆ ನೇರ ಗೆರೆ ಎಳೆದರೆ ಬೇರಿಂಗ್ ಸುಮಾರು 279. ಲೆಕ್ಕ ಹಾಕಿದರೆ ಅಲೆ ಬರುವ ನಿಜವಾದ ದಿಕ್ಕು 292. ಹದಿಮೂರು ಡಿಗ್ರಿ ಫರಕು! ಈಗ ಉಲ್ಟಾ ಮಾಡಿದೆ. 292 ಅಂತ ಸಂದೇಶ ಬಂದಿದೆ, ನಾನು ರೂಲರ್ ಇಟ್ಟು ನೇರ ಎಳೆಯುತ್ತೇನೆ. ಪೆನ್ಸಿಲ್ 33 ಡಿಗ್ರಿ ಪಶ್ಚಿಮ ಮುಟ್ಟುವ ಹೊತ್ತಿಗೆ ಐವತ್ತೊಂಬತ್ತೂವರೆ ಡಿಗ್ರಿ ಉತ್ತರಕ್ಕೆ ಹೋಗಿತ್ತು. ಡಿವೈಡರ್‌ನಲ್ಲಿ ಅಳೆದೆ. ಹಡಗು ಇರುವ ಜಾಗಕ್ಕಿಂತ 270 ನಾಟಿಕಲ್ ಮೈಲಿ ಮೇಲೆ. ಆ ಗೆರೆ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹಡಗು ಉತ್ತರಕ್ಕೆ, ವಾಪಸ್ ಮನೆ ಕಡೆ ಹೊರಟಿದೆ ಅಂತ ನಾನಾಗಿದ್ದರೂ ನಂಬುತ್ತಿದ್ದೆ.

ಚಾರ್ಟ್ ಇಲ್ಲದವರು ಮಕ್ಕಳ ಗ್ಲೋಬ್ ಮೇಲೆ ದಾರ ಬಿಗಿದು ನೋಡಿ. ಇಂಗ್ಲೆಂಡಿನಿಂದ ಆ ಜಾಗಕ್ಕೆ ದಾರ ಎಳೆದರೆ ಅದು ಮೊದಲು ವಾಯವ್ಯದ ಕಡೆ ಏರಿ, ಆಮೇಲೆ ಪಶ್ಚಿಮಕ್ಕೆ ಬಾಗುವುದು ಕಣ್ಣಿಗೇ ಕಾಣುತ್ತದೆ.

ಟೋವಿಗೆ ತಪ್ಪು ತಿಳಿಯುವಷ್ಟರಲ್ಲಿ ಬಿಸ್ಮಾರ್ಕ್ ತುಂಬಾ ಮುಂದೆ ಹೋಗಿತ್ತು. ಮೇ 26ರ ಬೆಳಿಗ್ಗೆ 10:30ಕ್ಕೆ ಉತ್ತರ ಐರ್ಲೆಂಡಿನಿಂದ ಹೊರಟ ಕ್ಯಾಟಲಿನಾ ವಿಮಾನಕ್ಕೆ ಅದು ಮತ್ತೆ ಸಿಕ್ಕಿತು. ಜಿಬ್ರಾಲ್ಟರ್ ಕಡೆಯಿಂದ ಬಂದ ಬ್ರಿಟಿಷ್ ವಿಮಾನವಾಹಕ ಹಡಗು ‘ಆರ್ಕ್ ರಾಯಲ್’ನ ಸ್ವೋರ್ಡ್‌ಫಿಶ್ ವಿಮಾನಗಳು ಮೊದಲು ತಮ್ಮದೇ ಹಡಗು ‘ಶೆಫೀಲ್ಡ್’ ಮೇಲೆ ಟಾರ್ಪಿಡೊ ಬಿಟ್ಟವು. ಸದ್ಯ, ಯಾವುದೂ ತಗುಲಲಿಲ್ಲ. ಅಯಸ್ಕಾಂತದ ಪಿಸ್ತೂಲು (ಟಾರ್ಪಿಡೊ ಸಿಡಿಸುವ ಸಾಧನ) ಹಾಕಿದ್ದ ಟಾರ್ಪಿಡೊಗಳು ಕೆಲವು ನೀರಿಗೆ ಬಿದ್ದಾಗಲೇ ಸಿಡಿದವು. ಆಮೇಲೆ ತಗುಲಿದರೆ ಮಾತ್ರ ಸಿಡಿಯುವ ಪಿಸ್ತೂಲು ಹಾಕಿಕೊಂಡು ಸಂಜೆ 15 ವಿಮಾನ ಹೋದವು. ಒಂದು ಟಾರ್ಪಿಡೊ ಬಿಸ್ಮಾರ್ಕ್‌ನ ಹಿಂಭಾಗಕ್ಕೆ ಬಡಿಯಿತು. ರಡರ್ (ಚುಕ್ಕಾಣಿ) ಎಡಕ್ಕೆ 12 ಡಿಗ್ರಿಯಲ್ಲಿ ಜಾಮ್ ಆಯಿತು.

ಬಂದರಿನಿಂದ ಹೊರಡುವ ಮುಂಚೆ ಸ್ಟೀರಿಂಗ್ ಗೇರ್ ಪರೀಕ್ಷೆ ಮಾಡದ ಅಧಿಕಾರಿ ಇಲ್ಲ. ದೊಡ್ಡ ಅಲೆಯಲ್ಲಿ ಸ್ಟೀರಿಂಗ್ ಕೈಕೊಟ್ಟರೆ ಎಂಜಿನ್ ಎಷ್ಟು ಬಲವಾಗಿದ್ದರೂ ಹಡಗು ನಮ್ಮ ಮಾತು ಕೇಳಲ್ಲ. ಬಿಸ್ಮಾರ್ಕ್ ಪ್ರೊಪೆಲರ್‌ಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಿಸಿ ದಾರಿಗೆ ಬರಲು ನೋಡಿತು. ಆಗಲಿಲ್ಲ. ಅದು ಗಾಳಿಗೆ ಮುಖಮಾಡಿ, ವಾಯವ್ಯಕ್ಕೆ, ಶತ್ರುಗಳ ಕಡೆಗೇ ನಿಧಾನ ಸಾಗಿತು. ರಾತ್ರಿಯಿಡೀ ಆ ಬ್ರಿಡ್ಜ್‌ನಲ್ಲಿ ನಿಂತವರನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೇ 27ರ ಬೆಳಿಗ್ಗೆ 8:47ಕ್ಕೆ ಬ್ರಿಟಿಷ್ ಯುದ್ಧನೌಕೆ ‘ರಾಡ್ನಿ’ ಗುಂಡು ಶುರುಮಾಡಿತು. 10:40ರ ಹೊತ್ತಿಗೆ ಬಿಸ್ಮಾರ್ಕ್ ಮುಳುಗಿತು. ನೀರಿನಲ್ಲಿದ್ದವರನ್ನು ಬ್ರಿಟಿಷ್ ಹಡಗುಗಳಾದ ‘ಡಾರ್ಸೆಟ್‌ಶೈರ್’ ಮತ್ತು ‘ಮಾವೊರಿ’ ಹಗ್ಗ ಇಳಿಬಿಟ್ಟು ಎತ್ತಿಕೊಳ್ಳುತ್ತಿದ್ದವು. ಜಲಾಂತರ್ಗಾಮಿ ಇದೆ ಅನ್ನುವ ಸಂಶಯ ಬಂದು ಎರಡೂ ಹೊರಟುಬಿಟ್ಟವು. ನೂರಾರು ಜನ ಇನ್ನೂ ಈಜುತ್ತಿದ್ದರು. 2,200ಕ್ಕೂ ಜಾಸ್ತಿ ಇದ್ದ ಆ ಹಡಗಿನಲ್ಲಿ ಬದುಕಿದವರು 115ರ ಆಸುಪಾಸು.

1989ರಲ್ಲಿ ರಾಬರ್ಟ್ ಬ್ಯಾಲರ್ಡ್ ಅದರ ಅವಶೇಷವನ್ನು 4,700 ಮೀಟರ್‌ಗೂ ಹೆಚ್ಚು ಆಳದಲ್ಲಿ ಕಂಡುಹಿಡಿದರು. ಆ ಜಾಗಕ್ಕೆ ನನ್ನ ಚಾರ್ಟ್‌ನಲ್ಲಿ ಒಂದು ಸಣ್ಣ ಗುರುತು ಹಾಕಿ, ಅಲ್ಲಿಂದ ಫ್ರಾನ್ಸಿನ ಬ್ರೆಸ್ಟ್ ಬಂದರಿಗೆ ಡಿವೈಡರ್ ನಡೆಸಿದೆ. 470 ನಾಟಿಕಲ್ ಮೈಲಿ ಬಂತು. ರಡರ್ ಸರಿ ಇದ್ದು 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ವೇಗದಲ್ಲಿ ಹೋಗಿದ್ದರೆ ಒಂದು ದಿನದ ದಾರಿ.